ಗೌರಿ ಹಬ್ಬಕ್ಕೆ ಮುಂಚೆ ನಮ್ಮ ಬೀದಿಗೊಮ್ಮೆ ಬನ್ನಿ

ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಅಧಿಕಾರಿಗಳಿಗೆ, ಅಡುಗೆ ಗ್ಯಾಸ್ ಕಂಪನಿಗಳಿಗೆ ಮತ್ತು ಏಜೆನ್ಸಿಯವರಿಗೆ, ಹಾಗೆಯೇ ದಿನಾ ಬೆಳಗಾದರೆ ಒಲೆ ಹಚ್ಚುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಬಂದ ದಿನದಿಂದ, ಅಂದರೆ 26 ವರ್ಷದಿಂದ, ಮನೆಯ ಅಡುಗೆ ನನ್ನದೇ. ಕಳೆದ ವರ್ಷ ಗೌರಿ ಹಬ್ಬಕ್ಕೆ ಇನ್ನೆರಡು ದಿನ ಇದ್ದಾಗ ನಮ್ಮ ಅಡುಗೆಮನೆಯಲ್ಲಿ ಬೆಂಕಿ ಹತ್ತಿಕೊಂಡಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ಒಂದು ಚೊಂಬು ನೀರು ಬಿದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಅದಕ್ಕೇ ಈ ಪತ್ರ.

ಚಕ್ಕುಲಿ ಕರಿಯೋಣ ಅಂತ ಬಾಣಲೆಯಲ್ಲಿ ಎಣ್ಣೆ ಇಟ್ಟಿದ್ದೆ. ಬೇಗ ಕಾಯಲಿ ಅಂತ ಉರಿ ಜೋರಾಗಿಯೇ ಇತ್ತು. ಅಷ್ಟರಲ್ಲಿ ಫೋನ್ ಬಂತು. ನಮ್ಮ ಅಡುಗೆಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಜಗಲಿಗೆ ಬಂದೆ. ಅತ್ತಿಗೆ ಯಾವ ಬಸ್ಸಿಗೆ ಹೊರಡುತ್ತೇವೆ, ಎಷ್ಟು ಜನ ಬರುತ್ತೇವೆ ಅಂತ ಹೇಳುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಓಡಿ ಬಂದೆ. ಬಾಣಲೆಯಿಂದ ದಟ್ಟ ಹೊಗೆ ಏಳುತ್ತಿತ್ತು. ನಾನು ಬಾಗಿಲು ದಾಟುವಷ್ಟರಲ್ಲಿ ಎಣ್ಣೆಯ ಮೇಲೆ ಭಗ್ ಅಂತ ಉರಿ ಎದ್ದಿತು. ಗೋಡೆಯ ಕಪಾಟಿನ ತನಕ ನಾಲಿಗೆ ಚಾಚಿತು.

ನನ್ನ ಹಿಂದೆಯೇ ಓಡಿ ಬಂದ ಅಣ್ಣನ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ಕೊಳಾಯಿಯ ಕೆಳಗಿದ್ದ ತುಂಬಿದ ಚೊಂಬು ಎತ್ತಿಕೊಂಡ. ಕೈ ಹಿಂದಕ್ಕೆ ಹೋಗಿತ್ತು, ಇನ್ನೇನು ಎರಚಬೇಕು.

"ನೀರು ಹಾಕ್ಬೇಡ ಕಣೋ!" ಅಂತ ನಾನು ಕಿರುಚಿದ ರೀತಿಗೆ ಅವನ ಕೈಯಿಂದ ಚೊಂಬೇ ಜಾರಿತು.

ಗ್ಯಾಸ್ ಆರಿಸಿದೆ. ಚಕ್ಕುಲಿ ಒತ್ತಿ ಇಡುವ ಅಗಲವಾದ ಸ್ಟೀಲ್ ತಟ್ಟೆಯನ್ನು ಪಕ್ಕದಿಂದ ತಳ್ಳಿಕೊಂಡು ಹೋಗಿ ಬಾಣಲೆಯ ಮೇಲೆ ಮುಚ್ಚಿದೆ. ಉರಿ ಅಡಗಿತು. ಎರಡು ನಿಮಿಷ ಬಿಟ್ಟು, ಆರಿದೆಯಾ ನೋಡೋಣ ಅಂತ ತಟ್ಟೆ ಸ್ವಲ್ಪ ಎತ್ತಿದೆ ನೋಡಿ, ಗಾಳಿ ಸಿಕ್ಕಿದ್ದೇ ತಡ, ಮತ್ತೆ ಭಗ್ ಅಂದಿತು. ಮತ್ತೆ ಮುಚ್ಚಿದೆ. ಆಮೇಲೆ ಒಂದು ಗಂಟೆ ಯಾರೂ ಆ ಕಡೆ ಸುಳಿಯಲಿಲ್ಲ.

ಅವತ್ತು ಆ ಹುಡುಗ ಮಾಡಿದ್ದರಲ್ಲಿ ತಪ್ಪೇನಿದೆ ಹೇಳಿ? ಬೆಂಕಿ ಕಂಡರೆ ನೀರು ಹಾಕಬೇಕು ಅಂತ ನಾವೇ ಹೇಳಿಕೊಟ್ಟಿದ್ದೇವೆ. ನನಗಾದರೂ ಬೇರೆ ಗೊತ್ತಿದ್ದದ್ದು ಹೇಗೆ? ಶಾಲೆಯಲ್ಲಿ ಕಲಿತದ್ದಲ್ಲ. ಗ್ಯಾಸ್ ಏಜೆನ್ಸಿಯವರು ಹೇಳಿದ್ದಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಚಿಕ್ಕಮ್ಮ ಹೀಗೆಯೇ ಹತ್ತಿಕೊಂಡ ಎಣ್ಣೆಗೆ ನೀರು ಸುರಿದಿದ್ದರು. ಮುಖ, ಕುತ್ತಿಗೆ, ಎರಡೂ ಕೈ ಸುಟ್ಟುಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆ. ಈಗಲೂ ಅವರ ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ, ರೊಟ್ಟಿ ತಟ್ಟಲು ಆಗುವುದಿಲ್ಲ. ಚಿಕ್ಕಮ್ಮನ ಕೈ ಸುಟ್ಟಿದ್ದರಿಂದ ನನಗೆ ಬುದ್ಧಿ ಬಂತು. ಪ್ರತಿ ಮನೆಯಲ್ಲೂ ಒಬ್ಬರು ಸುಟ್ಟುಕೊಂಡ ಮೇಲೆಯೇ ಉಳಿದವರು ಕಲಿಯಬೇಕಾ? ನಿಮ್ಮನ್ನು ಕೇಳಬೇಕಾಗಿರುವುದು ಇದೊಂದೇ.

ಆ ಚೊಂಬು ನೀರಿನ ಲೆಕ್ಕವನ್ನು ಆಮೇಲೆ ನಾನು ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದೆ. ನೀರು ಎಣ್ಣೆಗಿಂತ ಭಾರ. ಮೇಲಿಂದ ಸುರಿದರೂ ಎಣ್ಣೆಯ ಅಡಿಗೆ ಇಳಿಯುತ್ತದೆ. ಅಲ್ಲಿನ ಬಿಸಿಗೆ ಆ ಕ್ಷಣವೇ ಆವಿಯಾಗುತ್ತದೆ. ಆವಿಯಾದ ನೀರಿಗೆ ಸುಮಾರು 1,700 ಪಟ್ಟು ಜಾಗ ಬೇಕು. ಎರಡು ಚಿಕ್ಕ ಚಮಚ ನೀರು ಒಂದು ಬಕೆಟ್ ತುಂಬುವಷ್ಟು ಆವಿಯಾಗುತ್ತದೆ. ಒಂದು ಲೀಟರಿನ ಚೊಂಬಾದರೆ ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕೂ ಸಾಲದು. ಅಷ್ಟು ಆವಿ ಒಮ್ಮೆಗೇ ಮೇಲೆ ನುಗ್ಗುವಾಗ ಉರಿಯುವ ಎಣ್ಣೆಯನ್ನೂ ಎತ್ತಿ ಎಸೆಯುತ್ತದೆ. ಎದುರಿಗೆ ನಿಂತವರ ಗತಿ ಏನು? ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಒಬ್ಬಳು ಎದ್ದು, "ಮಿಸ್, ಇದು ನಮ್ಮಮ್ಮಂಗೆ ಗೊತ್ತಿಲ್ಲ" ಅಂದಳು. ಆ ಮಾತು ನನ್ನನ್ನು ಬಿಟ್ಟಿಲ್ಲ.

ಎಣ್ಣೆಗೆ ಬೆಂಕಿ ಹತ್ತುವುದು ಒಂದೇ ಏಟಿಗಲ್ಲ. ಕರಿಯಲು ಬೇಕಾದ ಬಿಸಿ ಸುಮಾರು 180 ಡಿಗ್ರಿ. ರಿಫೈನ್ಡ್ ಕಡಲೆಕಾಯಿ ಎಣ್ಣೆ 230ರ ಆಚೀಚೆ ಹೊಗೆಯಾಡಲು ಶುರು ಮಾಡುತ್ತದೆ. ಹಾಗೇ ಬಿಟ್ಟು 350 ದಾಟಿದ ಮೇಲೆ ಕಡ್ಡಿ ಗೀರುವುದೇ ಬೇಡ, ತಾನಾಗಿಯೇ ಹತ್ತಿಕೊಳ್ಳುತ್ತದೆ. ಅಂದರೆ ಹೊಗೆ ಕಂಡಾಗಲೇ ಎಣ್ಣೆ ನಮ್ಮನ್ನು ಕರೆಯುತ್ತಿದೆ. ಆಗ ಗ್ಯಾಸ್ ಆರಿಸಿದರೆ ಅಲ್ಲಿಗೆ ಮುಗಿಯಿತು. ನಾನು ಆ ಹೊತ್ತಿನಲ್ಲಿ ಜಗಲಿಯಲ್ಲಿದ್ದೆ. ಬಾಣಲೆಯಲ್ಲಿ ಎಣ್ಣೆ ಇಟ್ಟವರು ಬಿಟ್ಟು ಹೋಗಬಾರದು, ಹೋಗಲೇಬೇಕಾದರೆ ಒಲೆ ಆರಿಸಿಯೇ ಹೋಗಬೇಕು. ಇಷ್ಟು ಮಾಡಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಇನ್ನೊಂದು ಮಾತು. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡುವವರಿದ್ದಾರೆ. ದಯವಿಟ್ಟು ಬೇಡ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಎಣ್ಣೆ ಕೈ ಮೇಲೆ, ಕಾಲ ಮೇಲೆ ತುಳುಕುತ್ತದೆ. ಅದು ಇದ್ದಲ್ಲೇ ಇರಲಿ. ಒಲೆ ಆರಿಸಿ, ಮುಚ್ಚಿ. ಆರಿಸಲು ಕೈ ಹೋಗದಷ್ಟು ಉರಿ ಇದ್ದರೆ ಮನೆಯವರನ್ನೆಲ್ಲ ಹೊರಗೆ ಕರೆತಂದು 101ಕ್ಕೋ 112ಕ್ಕೋ ಫೋನ್ ಮಾಡಿ. ಕರಿಯಲು ಕೂರುವ ಮುಂಚೆ ಬಾಣಲೆಗಿಂತ ಅಗಲವಾದ ಒಂದು ಮುಚ್ಚಳವೋ ತಟ್ಟೆಯೋ ಕೈಗೆಟುಕುವಲ್ಲಿ ಇರಲಿ. ಮಸಿಬಟ್ಟೆ ಒಲೆಯಿಂದ ದೂರ ಇರಲಿ. ನೈಲಾನ್ ಸೀರೆ, ಪಾಲಿಸ್ಟರ್ ನೈಟಿ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ, ಕರಿಯುವ ದಿನವಾದರೂ ಹತ್ತಿಯದು ಉಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸುಟ್ಟುಕೊಂಡರೆ ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸು ಯಾವುದೂ ಬೇಡ. ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಶುದ್ಧ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋಗಿ.

ಈಗ ಅಗ್ನಿಶಾಮಕ ಇಲಾಖೆಯವರಿಗೆ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ನೀವು ಅಗ್ನಿಶಾಮಕ ಸೇವಾ ಸಪ್ತಾಹ ಮಾಡುತ್ತೀರಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡಾಗ ಬೆಂಕಿ ಆರಿಸಲು ಹೋಗಿ ಪ್ರಾಣ ಕೊಟ್ಟ ನಿಮ್ಮವರ ನೆನಪಿಗೆ ಆ ದಿನ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ವಿಷಯ ಗಮನಿಸಿ. ಏಪ್ರಿಲ್ ಎರಡನೇ ವಾರಕ್ಕೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ. ಮಕ್ಕಳು ಅಜ್ಜಿ ಮನೆಯಲ್ಲಿರುತ್ತಾರೆ. ನಿಮ್ಮ ಕೆಂಪು ಗಾಡಿ ನೋಡಿ ಹಿಗ್ಗಬೇಕಾದವರು, ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮನೆಯಲ್ಲಿ ಒಪ್ಪಿಸಬೇಕಾದವರು, ಆ ವಾರ ಕೈಗೇ ಸಿಗುವುದಿಲ್ಲ.

ಅದರ ಬದಲು ಅಥವಾ ಅದರ ಜೊತೆಗೆ, ಗೌರಿ ಹಬ್ಬಕ್ಕೆ ಮುಂಚಿನ ವಾರ ಬನ್ನಿ. ಶ್ರಾವಣ, ಗೌರಿ-ಗಣೇಶ, ದಸರಾ, ದೀಪಾವಳಿ ಅಂತ ನಮ್ಮ ಮನೆಗಳಲ್ಲಿ ಬಾಣಲೆ ಕೆಳಗಿಳಿಯದ ಕಾಲ ಅದು. ಕರಿಗಡುಬು, ಚಕ್ಕುಲಿ, ಕೋಡುಬಳೆ, ಕಜ್ಜಾಯ, ಎಲ್ಲಕ್ಕೂ ಎಣ್ಣೆ. ಮನೆ ತುಂಬ ಜನ, ಕಾಲಿಗೆ ತೊಡರುವ ಮಕ್ಕಳು, ಬಾಗಿಲಿಗೆ ಬಂದವರನ್ನು ಮಾತಾಡಿಸುವ ಗಡಿಬಿಡಿ. ದೀಪಾವಳಿ ಬಂದರೆ ಪಟಾಕಿ ಗಾಯಕ್ಕೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ, ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡ್ ಸಜ್ಜಾಗಿವೆ ಅಂತ ಪೇಪರಿನಲ್ಲಿ ಬರುತ್ತದೆ. ಒಳ್ಳೆಯದೇ. ಹಬ್ಬದ ಅಡುಗೆ ಮಾಡುವ ಹೆಣ್ಣುಮಕ್ಕಳ ಬಗ್ಗೆ ಮಾತ್ರ ಯಾರೂ ಎರಡು ಸಾಲು ಬರೆಯುವುದಿಲ್ಲ.

ಬಂದಾಗ ಭಾಷಣ ಬೇಡ. ಕರಪತ್ರವೂ ಬೇಡ, ಅದು ಹಪ್ಪಳದ ಡಬ್ಬದ ಅಡಿಗೆ ಹೋಗುತ್ತದೆ. ಒಂದು ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹತ್ತಿಕೊಳ್ಳುವವರೆಗೆ ಬಿಟ್ಟು ತೋರಿಸಿ. ಉದ್ದನೆಯ ಕೋಲಿಗೆ ಲೋಟ ಕಟ್ಟಿ, ಜನರನ್ನು ದೂರ ನಿಲ್ಲಿಸಿ, ನೀರು ಹಾಕಿದರೆ ಏನಾಗುತ್ತದೆ ಅಂತ ತೋರಿಸಿ. ಆಮೇಲೆ ಇನ್ನೊಂದು ಬಾಣಲೆಗೆ ಮುಚ್ಚಳ ಹಾಕಿ ತೋರಿಸಿ. ಆ ಎರಡು ನಿಮಿಷ ನೋಡಿದವರು ಸಾಯುವ ತನಕ ಮರೆಯುವುದಿಲ್ಲ. ಸಿಲಿಂಡರಿನ ಬಾಯಲ್ಲಿ ಬೆಂಕಿ ಹತ್ತಿದಾಗ ಒದ್ದೆ ಗೋಣಿಚೀಲ ಹೊದಿಸಿ ಆರಿಸುವುದನ್ನು ನಿಮ್ಮ ಸಿಬ್ಬಂದಿ ಎಷ್ಟು ಸಲೀಸಾಗಿ ಮಾಡುತ್ತಾರೆ! ಓದಿ ಕಲಿಯುವ ವಿದ್ಯೆ ಅಲ್ಲ ಅದು. ಪಕ್ಕದಲ್ಲಿ ನೀವು ನಿಂತು, ನಮ್ಮ ಕೈಯಲ್ಲೇ ಮಾಡಿಸಿದರೆ ಮಾತ್ರ ಧೈರ್ಯ ಬರುವುದು.

ಶಾಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯಿಂದ ಗರಿಯ ಸೂರಿಗೆ ಬೆಂಕಿ ಹರಡಿ 94 ಮಕ್ಕಳು ಸತ್ತರು. ಟೀಚರ್ ಆದವರು ಯಾರೂ ಆ ದಿನ ಮರೆಯಬಾರದು. ಬಿಸಿಯೂಟದ ಕೋಣೆಯ ಗೋಡೆಗೆ ಈಗ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿರುತ್ತೇವೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅದರ ಪಿನ್ ಎಳೆಯುವುದು ಹೇಗೆ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನ್ನನ್ನೂ ಸೇರಿಸಿ. ಅಡುಗೆ ಮಾಡುವ ಅಕ್ಕಂದಿರನ್ನು ಯಾರೂ ಕೂರಿಸಿ ಹೇಳಿರಲಿಲ್ಲ.

ಇನ್ನು ಗ್ಯಾಸ್ ಕಂಪನಿಯವರಿಗೆ ಮತ್ತು ಏಜೆನ್ಸಿಯವರಿಗೆ.

ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಕೊಡುವ ಮುಂಚೆ ತೂಕ ಮಾಡಿ ತೋರಿಸಬೇಕು, ಸೋರುತ್ತಿಲ್ಲ ಅಂತ ಪರೀಕ್ಷೆ ಮಾಡಿ ಕೊಡಬೇಕು ಅಂತ ನಿಮ್ಮದೇ ನಿಯಮ ಇದೆ. ನಮ್ಮ ಬೀದಿಯಲ್ಲಿ ನಾನು ಅದನ್ನು ಒಮ್ಮೆಯೂ ನೋಡಿಲ್ಲ. ಎರಡು ವರ್ಷದ ಹಿಂದೆ ಬಂದ ಸಿಲಿಂಡರಿನ ಬಾಯೊಳಗೆ ಕಪ್ಪು ರಬ್ಬರ್ ರಿಂಗ್ ಸೀಳಿತ್ತು. ರೆಗ್ಯುಲೇಟರ್ ಕೂರಿಸಿ ತಿರುಗಿಸಿದ ತಕ್ಷಣ ಸುಸ್ ಅಂತ ಸದ್ದು. ಯಜಮಾನರು ಮನೆಯಲ್ಲಿದ್ದರು, ತಕ್ಷಣ ರೆಗ್ಯುಲೇಟರ್ ಬಿಚ್ಚಿ, ದಾರಕ್ಕೆ ಕಟ್ಟಿದ್ದ ಬಿಳಿ ಕ್ಯಾಪ್ ಒತ್ತಿ ಹಾಕಿ, ಅಂಗಳಕ್ಕೆ ಎತ್ತಿಟ್ಟರು. ಆ ಕ್ಯಾಪನ್ನು ಅವತ್ತು ಕಿತ್ತು ಬಿಸಾಡಿದ್ದರೆ ಏನು ಮಾಡುತ್ತಿದ್ದೆವೋ. ಅದನ್ನು ಸುಮ್ನೆ ಕೊಟ್ಟಿರುವುದಲ್ಲ, ಸಿಲಿಂಡರ್ ವಾಪಸ್ ಹೋಗುವ ತನಕ ಅದು ಜೊತೆಗೇ ಇರಬೇಕು.

ಸಿಲಿಂಡರ್ ತರುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೆಗಲ ಮೇಲೆ ಹೊತ್ತು ಮೂರನೇ ಮಹಡಿ ಹತ್ತುತ್ತಾನೆ. ಗಾಡಿ ತುಂಬ ಇನ್ನೂ ಸಿಲಿಂಡರ್ ಕಾಯುತ್ತಿರುತ್ತವೆ. ಒಂದೊಂದು ಮನೆಯಲ್ಲೂ ಐದು ನಿಮಿಷ ನಿಲ್ಲು ಅಂದರೆ ಅವನ ಹೊಟ್ಟೆಪಾಡು ಏನಾಗಬೇಕು? ಆ ಐದು ನಿಮಿಷಕ್ಕೂ ನೀವು ಅವನಿಗೆ ಕೂಲಿ ಕೊಡಬೇಕು. ಆಗ ಅವನೇ ನಮ್ಮ ಬೀದಿಯ ಮೇಷ್ಟ್ರಾಗುತ್ತಾನೆ. ಅವನ ಮಾತು ಅಜ್ಜಿಯಂದಿರೂ ಕೇಳುತ್ತಾರೆ.

ಐದು ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬಂದು ಒಲೆ, ಪೈಪು, ರೆಗ್ಯುಲೇಟರ್ ನೋಡಬೇಕು ಅಂತಲೂ ಇದೆ. ನಮ್ಮ ಮನೆಗೆ ಬಂದವರು ಬಾಗಿಲಲ್ಲೇ ನಿಂತು ಸಹಿ ಮಾಡಿಸಿಕೊಂಡು, ದುಡ್ಡು ತೆಗೆದುಕೊಂಡು ಹೋದರು. ಅಡುಗೆಮನೆಯ ಹೊಸಿಲು ಕೂಡ ತುಳಿಯಲಿಲ್ಲ. ಆಗ ನಮ್ಮ ಒಲೆಯ ಪೈಪಿನ ಅವಧಿ ಮುಗಿದು ವರ್ಷ ಆಗಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ ಆಯಸ್ಸು, ಅದರ ಮೇಲೆಯೇ ತಾರೀಕು ಇರುತ್ತದೆ. ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಸಿಲಿಂಡರಿಗೂ ಒಂದು ತಾರೀಕು ಉಂಟು. ಹಿಡಿಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಂತ ಇಂಗ್ಲಿಷಿನ ಒಂದಕ್ಷರ, ಪಕ್ಕದಲ್ಲಿ ಎರಡಂಕಿ. ಎ ಅಂದರೆ ಮಾರ್ಚ್, ಬಿ ಅಂದರೆ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ ಮತ್ತು 29 ಅಂತ ಇದ್ದರೆ 2029ರ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ತಾರೀಕು ದಾಟಿದ್ದನ್ನು ಬೇಡ ಅನ್ನುವ ಹಕ್ಕು ನಮಗಿದೆ. ಇದನ್ನು ಸಿಲಿಂಡರಿನ ಮೇಲೆ ನಮಗೆ ಓದಲು ಬರುವ ಹಾಗೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಲು ಏನು ಕಷ್ಟ?

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮನೆಗಳಿಗೆ ಗ್ಯಾಸ್ ಬಂದಿದೆ. ಹೊಗೆ ಕುಡಿದು ಕೆಮ್ಮುತ್ತಿದ್ದ ತಾಯಂದಿರಿಗೆ ಅದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ನಮ್ಮ ಶಾಲೆಯ ಮಕ್ಕಳ ಮನೆಗೆ ಹೋದಾಗ ಕಂಡದ್ದು ಹೇಳುತ್ತೇನೆ. ಸೌದೆ ಒಲೆಯ ಮುಂದೆ ಮಣೆ ಹಾಕಿ ಕೂತು ಅಡುಗೆ ಮಾಡಿ ಅಭ್ಯಾಸ. ಹಾಗಾಗಿ ಗ್ಯಾಸ್ ಒಲೆಯೂ ನೆಲದ ಮೇಲೆ, ಸಿಲಿಂಡರ್ ಪಕ್ಕದಲ್ಲೇ, ಮೂರಡಿ ದೂರದಲ್ಲಿ ಸೌದೆ ಒಲೆ ಉರಿಯುತ್ತಿರುತ್ತದೆ. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲೇ ನೀರಿನ ಹಾಗೆ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಅನ್ನುವುದು ಇದಕ್ಕೇ. ಕಟ್ಟೆ ಕಟ್ಟಿಸಲು ದುಡ್ಡಿಲ್ಲದಿದ್ದರೆ ಗಟ್ಟಿಯಾದ ಒಂದು ಮೇಜಾದರೂ ಸಾಕು. ಇದನ್ನು ಆ ಮನೆಯ ಒಳಗೆ ಬಂದು, ಸಿಲಿಂಡರ್ ಇಡುವ ದಿನವೇ ಹೇಳಬೇಕಾದವರು ನೀವು.

ಹಾಲು ಉಕ್ಕುವ ವಿಷಯವೂ ಹಾಗೆಯೇ. ಒಲೆ ಗಲೀಜಾಯಿತಲ್ಲ ಅಂತ ಬೇಜಾರು ಮಾಡಿಕೊಂಡು ಒರೆಸುತ್ತೇವೆ, ಅಷ್ಟೇ. ಆದರೆ ಉಕ್ಕಿದ ಹಾಲು ಉರಿಯನ್ನು ಆರಿಸುತ್ತದೆ, ಗ್ಯಾಸ್ ಬರುತ್ತಲೇ ಇರುತ್ತದೆ. ಸಣ್ಣ ಉರಿಯಲ್ಲಿಟ್ಟು ಸ್ನಾನಕ್ಕೆ ಹೋದವರಿಗೆ ಅದು ಗೊತ್ತಾಗುವುದು ಹೇಗೆ? ವಾಪಸ್ ಬಂದು ಲೈಟರ್ ಒತ್ತುತ್ತಾರೆ. ಕೆಟ್ಟ ವಾಸನೆ ಬರಲಿ ಅಂತಲೇ ಗ್ಯಾಸಿಗೆ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಕಡ್ಡಿ, ಲೈಟರ್, ದೇವರ ದೀಪ ಯಾವುದೂ ಬೇಡ. ಲೈಟ್ ಸ್ವಿಚ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ, ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೇ ಇರುವ ನಂಬರ್ ಅದು. ನಮ್ಮ ಬೀದಿಯಲ್ಲಿ ಕೇಳಿದೆ, ಇಬ್ಬರಿಗೆ ಗೊತ್ತಿತ್ತು.

ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿ ಅಂತ ನಾನು ಎಲ್ಲರ ಹತ್ತಿರವೂ ಬೇಡಿಕೊಳ್ಳುತ್ತೇನೆ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಒಂದು ದೇವಸ್ಥಾನದಲ್ಲಿ ಮಲಗಿದ್ದ ಒಂಬತ್ತು ಅಯ್ಯಪ್ಪ ಮಾಲಾಧಾರಿಗಳು ಸಿಲಿಂಡರಿನಿಂದ ಸೋರಿದ ಗ್ಯಾಸಿನ ಬೆಂಕಿಗೆ ಸಿಕ್ಕರು. ಎಂಟು ಜನ ಉಳಿಯಲಿಲ್ಲ. ಶಬರಿಮಲೆಗೆ ಹೋಗಬೇಕಾಗಿದ್ದವರು.

ವಿಮೆಯ ಮಾತನ್ನೂ ಕಂಪನಿಯವರೇ ಜನರಿಗೆ ಹೇಳಬೇಕಿತ್ತು, ನಾನು ಹೇಳುತ್ತಿದ್ದೇನೆ. ಗ್ಯಾಸ್ ಅವಘಡಕ್ಕೆ ತೈಲ ಕಂಪನಿಗಳು ಮಾಡಿಸಿದ ವಿಮೆ ಇದೆ. ನಾವು ಬೇರೆ ಕಂತು ಕಟ್ಟಬೇಕಿಲ್ಲ. ಸಾವಾದರೆ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಕನೆಕ್ಷನ್ ಇರುವ ವಿಳಾಸದಲ್ಲಿ ಮನೆ-ಸಾಮಾನು ಹಾಳಾದರೆ 2 ಲಕ್ಷದವರೆಗೆ ಸಿಗುತ್ತದೆ. ಅವಘಡವಾದ ತಕ್ಷಣ ಏಜೆನ್ಸಿಗೆ ಬರೆದು ತಿಳಿಸಬೇಕು, ಪೊಲೀಸರಿಗೂ ಹೇಳಬೇಕು. ನಮ್ಮ ಚಿಕ್ಕಮ್ಮನದು ಎಣ್ಣೆಯ ಬೆಂಕಿ, ಅದು ಬೇರೆ. ಆದರೆ ಗ್ಯಾಸ್ ಸೋರಿ ಸುಟ್ಟುಕೊಂಡು, ಒಡವೆ ಅಡವಿಟ್ಟು ಆಸ್ಪತ್ರೆಗೆ ಕಟ್ಟಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಹೀಗೊಂದು ವಿಮೆ ಇದೆ ಅಂತಲೇ ಗೊತ್ತಿರಲಿಲ್ಲ.

ಕೊನೆಯದಾಗಿ ಮನೆಯ ಗಂಡಸರಿಗೆ ಒಂದು ಮಾತು. ಇದು ಹೆಂಗಸರ ವಿಷಯ ಅಂತ ಪತ್ರ ಮಡಚಿಡಬೇಡಿ. ಪೈಪಿನ ತಾರೀಕು ಇವತ್ತೇ ನೋಡಿ. ರೆಗ್ಯುಲೇಟರ್ ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡಿ, ಕಡ್ಡಿ ಗೀರಿ ನೋಡಬೇಡಿ. ಹಬ್ಬದ ದಿನ ಹೆಂಡತಿ ಬಾಣಲೆ ಮುಂದೆ ಇದ್ದಾಗ ಕಾಫಿ ತಾ ಅಂತ, ಟವೆಲ್ ಎಲ್ಲಿ ಅಂತ ಕೂಗಬೇಡಿ. ಚಿಕ್ಕ ಮಕ್ಕಳನ್ನು ಆ ಹೊತ್ತು ನೀವು ನೋಡಿಕೊಳ್ಳಿ.

ಅಗ್ನಿಶಾಮಕ ಇಲಾಖೆಯವರೇ, ನಮ್ಮ ಶಾಲೆಯ ಮೈದಾನ ದೊಡ್ಡದಿದೆ, ಬೋರ್‌ವೆಲ್ ನೀರಿದೆ, ನಿಮ್ಮ ಗಾಡಿ ಒಳಗೆ ಬರುವಷ್ಟು ಗೇಟ್ ಅಗಲವಿದೆ. ಗೌರಿ ಹಬ್ಬಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಬಂದರೆ ಮಕ್ಕಳ ಜೊತೆ ತಾಯಂದಿರನ್ನೂ ಕರೆತರುವ ಜವಾಬ್ದಾರಿ ನನ್ನದು. ಏಜೆನ್ಸಿಯವರು ಸಿಲಿಂಡರ್ ತರುವ ಹುಡುಗನನ್ನು ಅವತ್ತು ಅರ್ಧ ದಿನ ಬಿಟ್ಟುಕೊಡಲಿ, ಅವನ ಕೂಲಿ ನಾವು ಟೀಚರುಗಳು ಸೇರಿಸಿ ಕೊಡುತ್ತೇವೆ. ಎರಡು ಹಳೆಯ ಬಾಣಲೆ, ಎರಡು ಲೀಟರ್ ಎಣ್ಣೆ, ಒಂದು ಮುಚ್ಚಳ ನಮ್ಮ ಮನೆಯಿಂದ ತರುತ್ತೇನೆ. ಮುಚ್ಚಳ ಹಾಕಿ ತೋರಿಸಲು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ ಅಂತ ಚಿಕ್ಕಮ್ಮ ಹೇಳಿದ್ದಾರೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಶಿಕ್ಷಕಿ